ಮೀನಿನ ಹೊಂಡದ ನೀರು: ಔಷಧಿಗೆ ಮೊದಲು ನಾಡಿ ನೋಡೋಣ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಸದಸ್ಯರು ಮತ್ತು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)





ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರಿಗೆ ಮೀನಿನ ಹೊಂಡದ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಹಲವರಿಗೆ ಅನಿಸಿರಬಹುದು. ಕಾರ್ಯದರ್ಶಿಗಳು ಭಾಷಣದ ವಿಷಯ ಕೇಳಿದಾಗ ಅವರೂ ಒಮ್ಮೆ ನಕ್ಕರು. ಈ ವಿಷಯ ನನಗೆ ಪುಸ್ತಕದಿಂದ ಬಂದದ್ದಲ್ಲ, ತರಗತಿಯ ಒಂದು ಖಾಲಿ ಬೆಂಚಿನಿಂದ ಬಂದದ್ದು. ಆ ಘಟನೆಯಿಂದಲೇ ಪ್ರಾರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬ ಹುಡುಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಓದಿನಲ್ಲಿ ಮುಂದಿದ್ದ ಮಗು. ವಿಚಾರಿಸಿದಾಗ ತಂದೆಯ ಮೀನುಗಳೆಲ್ಲ ಸತ್ತುಹೋಗಿವೆ, ಮನೆಯಲ್ಲಿ ಒಲೆಯೇ ಹೊತ್ತಿಲ್ಲ ಎಂದು ತಿಳಿಯಿತು. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ ಒಬ್ಬ ಗೌಡರ ಜಮೀನಿನ ಅರ್ಧ ಎಕರೆ ಮಣ್ಣಿನ ಹೊಂಡವನ್ನು ಆಕೆಯ ತಂದೆ ಗುತ್ತಿಗೆಗೆ ಪಡೆದಿದ್ದರು. ಸಾಲ ಮಾಡಿ ಸಾವಿರ ಬಲಿತ ಮೀನುಮರಿಗಳನ್ನು ಬಿಟ್ಟಿದ್ದರು. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ. ಮೀನುಗಳು ಮುಕ್ಕಾಲು ಕಿಲೋ ತೂಗುತ್ತಿದ್ದವು. ಮುಂದಿನ ವಾರ ಹಿಡಿದು ಮಾರಬೇಕು, ಆ ದುಡ್ಡಿನಲ್ಲಿ ಸಾಲ ತೀರಿಸಿ ಮಗಳನ್ನು ಪಿ.ಯು.ಸಿ. ವಿಜ್ಞಾನಕ್ಕೆ ಸೇರಿಸಬೇಕು ಎಂಬ ಲೆಕ್ಕ. ಅಷ್ಟರಲ್ಲಿ ಒಂದು ಬೆಳಗಿನ ಜಾವ ಹೊಂಡದ ತುಂಬ ಬಿಳಿ ಹೊಟ್ಟೆಗಳು ತೇಲುತ್ತಿದ್ದವು.

ನಾನು ಹೋದಾಗ ಅವರು ದಂಡೆಯ ಮೇಲೆ ತಲೆಗೆ ಕೈಹೊತ್ತು ಕುಳಿತಿದ್ದರು. "ಮಾಸ್ಟರ್ ಸಾಬ್, ಯಾರೋ ರಾತ್ರಿ ಬಂದು ವಿಷ ಹಾಕಿದ್ದಾರೆ" ಎಂದರು. ಯಾರೋ ಎಂದರೆ ಯಾರು ಎಂಬುದೂ ಅವರ ಮನಸ್ಸಿನಲ್ಲಿ ತೀರ್ಮಾನವಾಗಿತ್ತು. ಪಕ್ಕದ ಜಮೀನಿನವನ ಜೊತೆ ಕಾಲುವೆ ನೀರಿನ ವಿಚಾರಕ್ಕೆ ಮಾತಿಗೆ ಮಾತು ಬೆಳೆದಿತ್ತು. ಠಾಣೆಗೆ ದೂರು ಕೊಡಲು ಇಬ್ಬರು ಹುಡುಗರು ಹುರಿದುಂಬಿಸುತ್ತಿದ್ದರು. ಅವರು ಒಂದು ಜಾತಿ, ಇವರು ಒಂದು ಜಾತಿ. ಇಂಥ ದೂರು ಊರಿನಲ್ಲಿ ಯಾವ ರೂಪ ತಾಳುತ್ತದೆ ಎಂಬುದನ್ನು ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದೃಷ್ಟಕ್ಕೆ ಗೌಡರು ತಮ್ಮ ಪರಿಚಯದ ಹಿರಿಯರೊಬ್ಬರನ್ನು ಕರೆಸಿದ್ದರು. ಮೀನುಗಾರಿಕೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅವರು ನೀರಿಗೆ ಕೈ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿದರು. ಮೀನು ಸತ್ತದ್ದು ಎಷ್ಟು ಹೊತ್ತಿಗೆ? ಮೊದಲು ಸತ್ತದ್ದು ದೊಡ್ಡವೋ ಚಿಕ್ಕವೋ? ಕಪ್ಪೆ, ನೀರಿನ ಹುಳುಗಳು ಬದುಕಿವೆಯೋ ಇಲ್ಲವೋ? ಹಿಂದಿನ ದಿನಗಳಲ್ಲಿ ಬಿಸಿಲು ಹೇಗಿತ್ತು, ಹೊಂಡಕ್ಕೆ ಏನೇನು ಹಾಕಿದಿರಿ?

ಉತ್ತರಗಳು ಹೀಗಿದ್ದವು. ಸತ್ತದ್ದು ಸೂರ್ಯ ಹುಟ್ಟುವ ಮುಂಚೆ. ಮೊದಲು ಹೋದದ್ದು ದೊಡ್ಡ ಮೀನುಗಳು. ಚಿಕ್ಕವು ಇನ್ನೂ ನೀರಿನ ಮೇಲೆ ಬಾಯಿ ಬಿಡುತ್ತಿದ್ದವು. ಕಪ್ಪೆಗಳು ಆರಾಮವಾಗಿದ್ದವು. ಮೂರು ದಿನದಿಂದ ಮೋಡ ಮುಸುಕಿ ಜಿಟಿಜಿಟಿ ಮಳೆ. ಮಾರುವ ಮುನ್ನ ಮೀನು ಇನ್ನಷ್ಟು ತೂಕ ಬರಲಿ ಎಂದು ತೌಡು, ಕಡಲೆಕಾಯಿ ಹಿಂಡಿಯನ್ನು ಎರಡರಷ್ಟು ಹಾಕಿದ್ದರು. ಮೇಲೆ ಎರಡು ಗಾಡಿ ಸಗಣಿ ಗೊಬ್ಬರ.

ಹಿರಿಯರು ಹೇಳಿದರು: "ಯಾರೂ ವಿಷ ಹಾಕಿಲ್ಲಪ್ಪ. ವಿಷ ಹಾಕಿದ್ದರೆ ಚಿಕ್ಕ ಮೀನು, ಹುಳುಗಳೇ ಮೊದಲು ಸಾಯುತ್ತಿದ್ದವು. ಅದಕ್ಕೆ ಬೆಳಗಿನ ಜಾವವೇ ಆಗಬೇಕು ಅಂತಲೂ ಇಲ್ಲ. ನಿನ್ನ ಮೀನು ಉಸಿರುಗಟ್ಟಿ ಸತ್ತಿವೆ."

ಒಂದು ಮಾತಿನಿಂದ ಒಂದು ಜಗಳ ನಿಂತಿತು. ಹೋದ ಮೀನು ವಾಪಸ್ಸು ಬರಲಿಲ್ಲ, ನಿಜ. ಆದರೆ ಎರಡು ಮನೆಗಳ ನಡುವೆ ತಲೆತಲಾಂತರಕ್ಕೆ ಉಳಿಯಬಹುದಾಗಿದ್ದ ದ್ವೇಷ ಉಳಿಯಲಿಲ್ಲ. ತಿಳಿವಳಿಕೆ ಎಂದರೆ ಇದು ಎಂದು ನನಗೆ ಅಂದು ಅನಿಸಿತು. ಆಮೇಲೆ ನಾನು ಈ ವಿಷಯವನ್ನು ಓದತೊಡಗಿದೆ, ಬಲ್ಲವರನ್ನು ಕೇಳತೊಡಗಿದೆ. ಹಾಗೆ ಕಲಿತದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ನಮಗೆಲ್ಲ ಗೊತ್ತಿರುವ ನೀರಿನಿಂದ ಶುರು ಮಾಡೋಣ. ಮದರಸದಲ್ಲಿ ಓದಿದ ಮಕ್ಕಳಿಗೆ ವುಜೂವಿನ ನೀರಿನ ಮಸಲೆಗಳು ಗೊತ್ತು. ಹನಫಿ ಫಿಕ್ಹ್‌ನಲ್ಲಿ ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಹೌಜನ್ನು, ಅಂದರೆ 'ದಹ್ ದರ್ ದಹ್' ಎನ್ನುವ ಅಳತೆಯನ್ನು, ದೊಡ್ಡ ನೀರು ಎಂದು ಎಣಿಸುತ್ತಾರೆ. ಅದರಲ್ಲಿ ಹೊಲಸು ಬಿದ್ದರೂ ನೀರಿನ ಬಣ್ಣ, ವಾಸನೆ, ರುಚಿ ಬದಲಾಗುವವರೆಗೆ ಅದು ನಾಪಾಕ್ ಆಗುವುದಿಲ್ಲ ಎನ್ನುತ್ತಾರೆ. ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ಪ್ರವಾದಿಯವರು (ಸ) ನಿಷೇಧಿಸಿದ್ದು ಬುಖಾರಿ ಮತ್ತು ಮುಸ್ಲಿಂ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ನಿಂತ ನೀರು ಬೇರೆ, ಹರಿಯುವ ನೀರು ಬೇರೆ ಎಂಬ ವಿವೇಕ ನಮ್ಮ ಧರ್ಮದಲ್ಲೇ ಇದೆ.

ಆದರೆ ವಿದ್ಯಾರ್ಥಿಗಳು ಒಂದು ವ್ಯತ್ಯಾಸ ಗಮನಿಸಬೇಕು. ಬಣ್ಣ, ವಾಸನೆ, ರುಚಿ ನೋಡುವುದು ಮನುಷ್ಯ ಪಾಕಿಗಾಗಿ ಬಳಸುವ ನೀರಿನ ಪರೀಕ್ಷೆ. ಮೀನಿಗೆ ನೀರು ಬರೀ ತೊಳೆಯುವ ವಸ್ತುವಲ್ಲ. ಅದೇ ಅದರ ಗಾಳಿ, ಅದೇ ಅದರ ಮನೆ, ಅದೇ ಅದರ ಪಾಯಖಾನೆ. ಕನ್ನಡಿಯಂತೆ ತಿಳಿಯಾದ ನೀರಿನಲ್ಲಿ ಮೀನು ಉಸಿರುಗಟ್ಟಬಹುದು. ತಿಳಿಹಸಿರು ನೀರಿನಲ್ಲಿ ಚೆನ್ನಾಗಿ ಬೆಳೆಯಬಹುದು. ಮೀನಿನ ಹೊಂಡಕ್ಕೆ ಕಣ್ಣು ಮೂಗಿನ ಜೊತೆಗೆ ಇನ್ನೂ ಕೆಲವು ಪರೀಕ್ಷೆ ಬೇಕು.

ಅವುಗಳಲ್ಲಿ ಮೊದಲನೆಯದು ಉಸಿರು. ನಾವು ಸೇವಿಸುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿನಲ್ಲಿ ಗಾಳಿಯಿಂದ ಕರಗಿ ನಿಲ್ಲುವ ಆಮ್ಲಜನಕ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಮೀನು ಎಷ್ಟು ಬಡತನದಲ್ಲಿ ಸಂಸಾರ ನಡೆಸುತ್ತದೆ ನೋಡಿ! ನೀರು ಬಿಸಿಯಾದಷ್ಟೂ ಈ ಪ್ರಮಾಣ ಕಡಿಮೆಯಾಗುತ್ತದೆ. ಗೆಂಡೆ ಜಾತಿಯ ಮೀನುಗಳು ಚೆನ್ನಾಗಿ ಬೆಳೆಯಲು ಲೀಟರಿಗೆ 5 ಮಿಲಿಗ್ರಾಂ ಆದರೂ ಇರಬೇಕು. 3ಕ್ಕಿಂತ ಕೆಳಗಿಳಿದರೆ ಅವು ಬಳಲುತ್ತವೆ, ಮೇವು ಬಿಡುತ್ತವೆ. 1ರ ಹತ್ತಿರ ಬಂದು ಹಾಗೇ ನಿಂತರೆ ಸಾಯುತ್ತವೆ.

ಹೊಂಡದ ಆಮ್ಲಜನಕದ ಬಹುಭಾಗ ಬರುವುದು ನೀರನ್ನು ಹಸಿರು ಮಾಡುವ, ಕಣ್ಣಿಗೆ ಬಿಡಿಬಿಡಿಯಾಗಿ ಕಾಣದ ಸೂಕ್ಷ್ಮ ಪಾಚಿಯಿಂದ. ಬಿಸಿಲಿದ್ದಾಗ ಅದು ಆಮ್ಲಜನಕ ತಯಾರಿಸುತ್ತದೆ. ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಹೊಂಡ ಶ್ರೀಮಂತ. ರಾತ್ರಿಯಾದೊಡನೆ ತಯಾರಿಕೆ ನಿಲ್ಲುತ್ತದೆ. ಉಸಿರಾಟ ನಿಲ್ಲುವುದಿಲ್ಲ. ಮೀನು ಉಸಿರಾಡುತ್ತದೆ, ಪಾಚಿಯೂ ಉಸಿರಾಡುತ್ತದೆ, ತಳದ ಕೆಸರಿನಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳೂ ಉಸಿರಾಡುತ್ತವೆ. ಹಗಲಿನ ಗಳಿಕೆಯನ್ನು ರಾತ್ರಿಯೆಲ್ಲ ತಿಂದು ಫಜ್ರ್ ಹೊತ್ತಿಗೆ ಹೊಂಡ ಕಡುಬಡವನಾಗಿರುತ್ತದೆ. ಮೂರು ದಿನ ಮೋಡ ಮುಸುಕಿದರೆ ಗಳಿಕೆಯೇ ಇಲ್ಲ, ಖರ್ಚು ಮಾತ್ರ. ಅದರ ಮೇಲೆ ಎರಡು ಗಾಡಿ ಸಗಣಿ ಹಾಕಿದರೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳ ಖರ್ಚು ಮತ್ತೂ ಹೆಚ್ಚುತ್ತದೆ. ನನ್ನ ವಿದ್ಯಾರ್ಥಿನಿಯ ತಂದೆಯ ಹೊಂಡದಲ್ಲಿ ನಡೆದದ್ದು ಈ ದಿವಾಳಿ.

ಹಾಗಾದರೆ ಬ್ಯಾಕ್ಟೀರಿಯಾ ನಮ್ಮ ಶತ್ರುವೇ? ಇಲ್ಲಿ ಅವಸರ ಮಾಡಬಾರದು. ಮೀನಿನ ಹೊಂಡದ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ನಮ್ಮ ಸಂಬಳವಿಲ್ಲದ ಕೆಲಸಗಾರರು. ಮೀನು ತಿಂದ ಮೇವಿನ ಸತ್ವದಲ್ಲಿ ಬಹುಪಾಲು ಮೀನಿನ ಮಾಂಸವಾಗುವುದಿಲ್ಲ. ಅದು ಕಿವಿರಿನಿಂದ ಅಮೋನಿಯಾ ಆಗಿ ಹೊರಬೀಳುತ್ತದೆ. ಸುಮಾರು 30 ಭಾಗ ಪ್ರೋಟೀನ್ ಇರುವ ಒಂದು ಕಿಲೋ ಮೇವಿನಿಂದ ಹೆಚ್ಚುಕಡಿಮೆ 30 ಗ್ರಾಂ ಅಮೋನಿಯಾ ನೀರಿಗೆ ಸೇರುತ್ತದೆ. ದಿನಕ್ಕೆ 20 ಕಿಲೋ ಹಾಕುವವರು ದಿನಕ್ಕೆ 600 ಗ್ರಾಂ ಅಮೋನಿಯಾ ಹಾಕಿದಂತೆ. ಇದು ಮೀನಿಗೆ ನಂಜು. ಇದರಲ್ಲಿ ಒಂದಷ್ಟನ್ನು ಪಾಚಿ ಗೊಬ್ಬರವಾಗಿ ಹೀರಿಕೊಳ್ಳುತ್ತದೆ. ಉಳಿದದ್ದನ್ನು ನೈಟ್ರೊಸೊಮೊನಾಸ್ ಮುಂತಾದ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಯೂ, ನೈಟ್ರೊಬ್ಯಾಕ್ಟರ್ ಮುಂತಾದವು ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಾಯಿಸುತ್ತವೆ. ರಷ್ಯಾದ ವಿಜ್ಞಾನಿ ವಿನೋಗ್ರಾಡ್ಸ್ಕಿ 1890ರ ಸುಮಾರಿಗೆ ಈ ಕೆಲಸಗಾರರನ್ನು ಗುರುತಿಸಿದರು. ಈ ಕೆಲಸಕ್ಕೂ ಆಮ್ಲಜನಕ ಬೇಕು. ಆಮ್ಲಜನಕ ಮುಗಿದ ಹೊಂಡದಲ್ಲಿ ಇವರು ಕೈಚೆಲ್ಲುತ್ತಾರೆ, ನಂಜು ಏರುತ್ತದೆ.

ಅಮೋನಿಯಾದ ಇನ್ನೊಂದು ಗುಟ್ಟನ್ನು ವಿಜ್ಞಾನದ ವಿದ್ಯಾರ್ಥಿಗಳು ಬರೆದಿಟ್ಟುಕೊಳ್ಳಿ. ಅದು ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಒಂದು ಬಹಳ ವಿಷ, ಇನ್ನೊಂದು ಅಷ್ಟಾಗಿ ಅಲ್ಲ. ಯಾವುದು ಎಷ್ಟು ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ನೀರಿನ ಪಿ.ಎಚ್. 28 ಡಿಗ್ರಿ ನೀರಿನಲ್ಲಿ ಪಿ.ಎಚ್. 7 ಇದ್ದರೆ ವಿಷರೂಪ ನೂರಕ್ಕೆ ಒಂದಕ್ಕಿಂತ ಕಡಿಮೆ. 8 ಆದರೆ ನೂರಕ್ಕೆ ಆರೇಳು. 9 ಆದರೆ ಸುಮಾರು ನಲವತ್ತು. ಸುಣ್ಣ ಪಿ.ಎಚ್. ಏರಿಸುತ್ತದೆ. ಹೊಂಡ ಸಿದ್ಧಮಾಡುವಾಗ ಹಾಕುವ ಸುಣ್ಣ ಒಳ್ಳೆಯದೇ. ಆದರೆ ಮೀನು ಬಳಲುತ್ತಿರುವಾಗ, ಅಮೋನಿಯಾ ಎಷ್ಟಿದೆ ಎಂದು ನೋಡದೆ ಚೀಲಗಟ್ಟಲೆ ಸುಣ್ಣ ಸುರಿದರೆ ಉಳಿದ ಮೀನನ್ನೂ ನಾವೇ ಕೊಂದಂತೆ ಆಗಬಹುದು.

ಈಗ ರೋಗ ತರುವ ಬ್ಯಾಕ್ಟೀರಿಯಾಗಳ ಮಾತು. ಇವುಗಳಲ್ಲಿ ನಮ್ಮ ಕಡೆಯ ಗೆಂಡೆ ಮೀನುಗಳಿಗೆ ಮುಖ್ಯವಾದದ್ದು ಏರೋಮೊನಾಸ್ ಹೈಡ್ರೋಫಿಲಾ. ರೆಕ್ಕೆಯ ಬುಡದಲ್ಲಿ, ಹೊಟ್ಟೆಯ ಮೇಲೆ ರಕ್ತದ ಕೆಂಪು ಚುಕ್ಕೆ, ಹುರುಪೆ ಉದುರುವುದು, ಹುಣ್ಣು, ನೀರು ತುಂಬಿ ಹೊಟ್ಟೆ ಉಬ್ಬುವುದು ಇದರ ಲಕ್ಷಣ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಮೀನು ಸಾಕಣೆ ಕೊಳಗಳಲ್ಲಿ ಈ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಗೆಂಡೆಗಳನ್ನು ಕೊಂದದ್ದನ್ನು ನಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್ ಮತ್ತು ಇಡ್ಯ ಕರುಣಾಸಾಗರ್ ದಂಪತಿ ಹಾಗೂ ಅವರ ಸಂಗಡಿಗರು 1989ರಲ್ಲಿಯೇ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಅದಕ್ಕೆ ಒಂದು ವರ್ಷ ಮೊದಲು, 1988ರಲ್ಲಿ, ಈಶಾನ್ಯ ಭಾರತಕ್ಕೆ ಮೀನಿನ ಹುಣ್ಣು ರೋಗ ಕಾಲಿಟ್ಟು ಮುಂದೆ ದೇಶದ ಬಹುಭಾಗಕ್ಕೆ ಹರಡಿತು. ಅದರ ಮೂಲ ಶಿಲೀಂಧ್ರದಂಥ ಒಂದು ಜೀವಿ. ಅದು ತೆರೆದ ಗಾಯದೊಳಕ್ಕೆ ಏರೋಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ನುಗ್ಗಿ ಹುಣ್ಣನ್ನು ದೊಡ್ಡದು ಮಾಡುತ್ತವೆ.

ಇಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿ ಒಂದಿದೆ. ಏರೋಮೊನಾಸ್ ಹೊರಗಿನಿಂದ ಬಂದ ಕಳ್ಳನಲ್ಲ. ಸಿಹಿನೀರಿನಲ್ಲಿ, ಆರೋಗ್ಯವಂತ ಮೀನಿನ ಮೈಮೇಲೆ, ಹೊಟ್ಟೆಯಲ್ಲಿ ಅದು ಯಾವಾಗಲೂ ಸ್ವಲ್ಪ ಇದ್ದೇ ಇರುತ್ತದೆ. ಮೀನು ಗಟ್ಟಿಯಾಗಿರುವಷ್ಟು ದಿನ ಸುಮ್ಮನಿರುತ್ತದೆ. ಉಸಿರು ಕಟ್ಟಿ, ಅಮೋನಿಯಾ ಏರಿ, ಕಿಕ್ಕಿರಿದ ಹೊಂಡದಲ್ಲಿ ಒಂದಕ್ಕೊಂದು ಉಜ್ಜಿ ಗಾಯವಾಗಿ ಮೀನು ಸೋತಾಗ ಎದ್ದು ಬರುತ್ತದೆ. ಆದ್ದರಿಂದ ಬ್ಯಾಕ್ಟೀರಿಯಾ ಕೊಂದಿತು ಎಂದು ನಾವು ಹೇಳುವಾಗ ಬಹುಪಾಲು ಸಲ ಮೊದಲು ಕೆಟ್ಟದ್ದು ನೀರು, ಕೆಡಿಸಿದ್ದು ನಾವು.

ನಂಜನಗೂಡಿನವರಿಗೆ ಒಂದು ಹಳೆಯ ಕಥೆ ಗೊತ್ತು. ಹಜ್ರತ್ ಟಿಪ್ಪು ಸುಲ್ತಾನರ ಆನೆಯ ಕಣ್ಣಿನ ಬೇನೆ ನಂಜುಂಡೇಶ್ವರನ ಸನ್ನಿಧಿಯಲ್ಲಿ ವಾಸಿಯಾಯಿತೆಂದೂ, ಸುಲ್ತಾನರು ದೇವರನ್ನು 'ಹಕೀಮ್ ನಂಜುಂಡ' ಎಂದು ಕರೆದು ಪಚ್ಚೆಯ ಲಿಂಗ ಒಪ್ಪಿಸಿದರೆಂದೂ ಜನ ಹೇಳುತ್ತಾರೆ. ಹಕೀಮ್ ಎಂಬ ನಮ್ಮ ಉರ್ದು ಪದ ಆ ದೇವರ ಹೆಸರಿನಲ್ಲಿ ಸೇರಿರುವುದು ನಮ್ಮ ಊರಿನ ಭಾಗ್ಯ. ಹಳೆಯ ಹಕೀಮರು ಔಷಧಿ ಕೊಡುವ ಮೊದಲು ರೋಗಿಯ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದರು. ಇಂದು ನಮ್ಮ ಮೀನು ಸಾಕಣೆದಾರರು ನಾಡಿ ನೋಡದೆ ಔಷಧಿ ತರುತ್ತಿದ್ದಾರೆ.

ನಾನು ಹೇಳಿದ ಆ ಹೊಂಡದಲ್ಲೂ ಹಾಗೇ ಆಯಿತು. ಉಳಿದ ಮೀನುಗಳಿಗೆಂದು ಒಂದು ಅಂಗಡಿಯಿಂದ ಪುಡಿ ತಂದಿದ್ದರು. ಲೇಬಲ್ ಓದಿ ನೋಡಿದರೆ ಅದು ಆಂಟಿಬಯೋಟಿಕ್. ಆಂಟಿಬಯೋಟಿಕ್ ಆಮ್ಲಜನಕ ಕೊಡುವುದಿಲ್ಲ, ಅಮೋನಿಯಾ ತೆಗೆಯುವುದಿಲ್ಲ. ನೀರಿಗೆ ಎರಚಿದರೆ ನಮ್ಮ ಕೆಲಸಗಾರ ಬ್ಯಾಕ್ಟೀರಿಯಾಗಳಿಗೂ ಪೆಟ್ಟು. ಸಾಯದೆ ಉಳಿದ ರೋಗಾಣುಗಳು ಆ ಔಷಧಿಗೆ ಜಗ್ಗದಂತೆ ಪಳಗುತ್ತವೆ. ಆ ಗುಣವನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಬಲ್ಲದು, ಬೇರೆ ಜಾತಿಯದಕ್ಕೂ ಸಹ. ಹೊಂಡದಲ್ಲಿ ಪಳಗಿದ ರೋಗಾಣು ನಾಳೆ ನಮ್ಮ ಮನೆಯ ಮಗುವಿನ ಜ್ವರಕ್ಕೆ ಕೊಡುವ ಮಾತ್ರೆಯನ್ನು ನಿಷ್ಫಲ ಮಾಡಬಹುದು. ಈ ಕಾರಣಕ್ಕೇ ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ, ಕೋಳಿಗೆ, ಮೀನಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ಕ್ಲೋರಾಮ್‌ಫೆನಿಕಾಲ್, ನೈಟ್ರೋಫ್ಯೂರಾನ್‌ಗಳಿಗೂ ನಿಷೇಧವಿದೆ. ಆಂಟಿಬಯೋಟಿಕ್ ಎಂದೂ ಬೇಡ ಎಂದು ನಾನು ಹೇಳುವುದಿಲ್ಲ. ರೋಗ ಯಾವುದೆಂದು ಪರೀಕ್ಷೆಯಾಗಿ, ತಜ್ಞರು ಬರೆದುಕೊಟ್ಟ ಮೇಲೆ, ಹೇಳಿದಷ್ಟು ದಿನ ಬಳಸಿ, ಮೀನು ಹಿಡಿಯುವ ಮೊದಲು ಅವರು ಹೇಳಿದಷ್ಟು ದಿನ ಬಿಡಬೇಕು. ಅಂಗಡಿಯವರ ಮಾತಿನ ಮೇಲೆ ಬೇಡ.

ಈಗ ಹೊಂಡದ ದಂಡೆ ದಾಟಿ ಹೊಂಡಕ್ಕೆ ನೀರು ಕೊಡುವ ನದಿಯ ಕಡೆ ನೋಡೋಣ. ನಮ್ಮ ಕಪಿಲೆ, ಅಂದರೆ ಕಬಿನಿ, ಹೆಗ್ಗಡದೇವನಕೋಟೆಯ ಅಣೆಕಟ್ಟೆಯಿಂದ ಬಂದು ನಂಜನಗೂಡನ್ನು ಹಾದು ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತಾಳೆ. ನೀರಿನ ಲೆಕ್ಕದಲ್ಲಿ ತಿ. ನರಸೀಪುರ ನಮ್ಮ ಕೆಳಗಿನ ಮನೆ. ನಾವು ಚೆಲ್ಲಿದ್ದು ಅವರ ಅಂಗಳಕ್ಕೆ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ನದಿಗಳ 351 ಭಾಗಗಳನ್ನು ಮಲಿನವೆಂದು ಪಟ್ಟಿ ಮಾಡಿತು. ಅದರಲ್ಲಿ ಕರ್ನಾಟಕದವು 17. ನಂಜನಗೂಡಿನ ಬಳಿಯ ಕಬಿನಿಯೂ ಅದರಲ್ಲಿ ಒಂದು. ಆ ಪಟ್ಟಿಗೆ ಬಳಸಿದ ಅಳತೆ ಬಿ.ಓ.ಡಿ., ಅಂದರೆ ನೀರಿನಲ್ಲಿರುವ ಹೊಲಸನ್ನು ಕೊಳೆಸಲು ಬ್ಯಾಕ್ಟೀರಿಯಾಗಳು ತಿನ್ನುವ ಆಮ್ಲಜನಕ. ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಮಲಿನ. ನಮ್ಮ ಹೊಂಡದ ದಿವಾಳಿಯ ಲೆಕ್ಕವೇ ಇಲ್ಲಿಯೂ ಇದೆ, ಗಾತ್ರ ಮಾತ್ರ ದೊಡ್ಡದು. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗಲೂ ಕೇಳಿಬಂದ ಕಾರಣ ಇದೇ. ಚರಂಡಿಯ ಹೊಲಸು, ಬೇಸಿಗೆಯ ಬಿಸಿ ನೀರು, ಮುಗಿದುಹೋದ ಆಮ್ಲಜನಕ.

ಕಾರ್ಖಾನೆಗಳನ್ನು, ಪುರಸಭೆಗಳನ್ನು ಪ್ರಶ್ನಿಸುವ ಹಕ್ಕು ನಮಗಿದೆ, ಪ್ರಶ್ನಿಸಬೇಕು. ಆದರೆ ಇದು ನಮ್ಮವರ ಸಭೆ, ಆದ್ದರಿಂದ ನಮ್ಮ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹಿರಿಯರು ಕ್ಷಮಿಸಬೇಕು. ಕೋಳಿ ಅಂಗಡಿ, ಮಾಂಸದ ಅಂಗಡಿ ನಡೆಸುವವರಲ್ಲಿ ನಮ್ಮವರು ಬಹಳ. ಕರುಳು, ಪುಕ್ಕ, ರಕ್ತ ಎಲ್ಲಿಗೆ ಹೋಗುತ್ತಿದೆ? ಚೀಲ ಕಟ್ಟಿ ಕಾಲುವೆಗೆ ಎಸೆಯುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವರು ಅದನ್ನು ಮೀನಿನ ಹೊಂಡಕ್ಕೆ ಮೇವೆಂದು ಮಾರುತ್ತಾರೆ. ಆಫ್ರಿಕನ್ ಕ್ಯಾಟ್‌ಫಿಶ್ ಎಂಬ ಮೀನನ್ನು ಹೀಗೆಯೇ ಸಾಕುತ್ತಾರೆ. ನಾಡಿನ ಮೀನುಗಳನ್ನು ತಿಂದು ಮುಗಿಸುವ ಆ ಮೀನಿನ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧವಿದೆ. ಹಸಿ ಕರುಳು ಬಿದ್ದ ಹೊಂಡ ಕೊಳೆತು ನಾರುತ್ತದೆ, ಅದರ ನೀರು ಮಳೆಗಾಲದಲ್ಲಿ ಕಾಲುವೆಗೆ, ಕಾಲುವೆಯಿಂದ ಕಪಿಲೆಗೆ. ನಿಂತ ನೀರನ್ನು ಕೆಡಿಸಬೇಡಿ ಎಂದು ಕಲಿಸಿದ ಪ್ರವಾದಿಯ ಉಮ್ಮತ್ ನಾವು. ಈ ಮಾತನ್ನು ಬೇರೆಯವರು ಬಂದು ನಮಗೆ ಹೇಳುವವರೆಗೆ ಕಾಯಬಾರದು.

ಇನ್ನು ಮಾಡಬೇಕಾದದ್ದು. ದೊಡ್ಡ ಖರ್ಚಿನದು ಯಾವುದೂ ಇಲ್ಲ.

1. ಮೀನುಮರಿಗಳನ್ನು ಕಿಕ್ಕಿರಿಸಬೇಡಿ. ಗಾಳಿ ಕೊಡುವ ಯಂತ್ರವಿಲ್ಲದ ಸಾಮಾನ್ಯ ಹೊಂಡಕ್ಕೆ ಎಕರೆಗೆ 2,000 ಬಲಿತ ಮರಿ ಸಾಕು.

2. ದಿನವೂ ಬೆಳಗಿನ ಜಾವ ಒಮ್ಮೆ ಹೊಂಡ ನೋಡಿ. ಫಜ್ರ್ ನಮಾಜ್ ಮುಗಿಸಿ ನೇರ ಅಲ್ಲಿಗೇ ಹೋಗಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅಂದು ಮೇವು, ಗೊಬ್ಬರ ಎರಡೂ ನಿಲ್ಲಿಸಿ. ಪಂಪ್ ಹಚ್ಚಿ ನೀರನ್ನು ಮೇಲಕ್ಕೆ ಚಿಮ್ಮಿಸಿ, ಆದರೆ ಹೊಸ ನೀರು ಬಿಡಿ. ಏನೂ ಇಲ್ಲದಿದ್ದರೆ ಗಳದಿಂದ ನೀರು ಬಡಿಯಿರಿ.

3. ಮೊಳ ಹಾಕಿ ನೋಡಿ. ಅಂಗೈ ಬಿಡಿಸಿ, ಕೈಯನ್ನು ನೆಟ್ಟಗೆ ನೀರಿಗೆ ಇಳಿಸಿ. ನೀರು ಮೊಣಕೈಗೆ ಬರುವ ಬಹಳ ಮೊದಲೇ, ಒಂದು ಗೇಣಿನೊಳಗೆ ಅಂಗೈ ಮರೆಯಾದರೆ ಪಾಚಿ ಅತಿಯಾಗಿದೆ, ಗೊಬ್ಬರ ನಿಲ್ಲಿಸಿ. ಮೊಣಕೈ ಮುಳುಗಿದ ಮೇಲೂ ಅಂಗೈ ಸ್ಪಷ್ಟವಾಗಿ ಕಂಡರೆ ಪಾಚಿ ಸಾಲದು. ಬಿಳಿ ಕಪ್ಪು ಬಣ್ಣ ಬಳಿದ ತಟ್ಟೆಗೆ ದಾರ ಕಟ್ಟಿ ಇಳಿಸಿದರೆ ಇನ್ನೂ ಚೆನ್ನ. ಅದು 25ರಿಂದ 40 ಸೆಂಟಿಮೀಟರ್ ಆಳದಲ್ಲಿ ಮರೆಯಾಗಬೇಕು. ಹೌಜನ್ನು ಅಳೆದ ಮೊಳವೇ ಹೊಂಡವನ್ನೂ ಅಳೆಯುತ್ತದೆ ನೋಡಿ.

4. ಪಿ.ಎಚ್. ಮತ್ತು ಅಮೋನಿಯಾ ನೋಡುವ ಸಣ್ಣ ಕಿಟ್ ಒಂದನ್ನು ನಾಲ್ಕು ಹೊಂಡದವರು ಸೇರಿ ಕೊಳ್ಳಿ. ಪಿ.ಎಚ್. 7ರಿಂದ 8.5ರ ನಡುವೆ ಇರಲಿ. ಹೊಂಡ ಒಣಗಿಸಿ, ತಳದ ಕಪ್ಪು ಕೆಸರು ತೆಗೆದು, ಮಣ್ಣು ನೋಡಿಕೊಂಡು ಎಕರೆಗೆ ಸುಮಾರು 100 ಕಿಲೋ ಸುಣ್ಣ ಹಾಕಿ, ಆಮೇಲೆ ನೀರು ತುಂಬಿಸಿ.

5. ಮೋಡ ಮುಸುಕಿದ ದಿನ ಮೇವು ಅರ್ಧ, ಮರುದಿನವೂ ಮೋಡವಿದ್ದರೆ ಪೂರ್ತಿ ನಿಲ್ಲಿಸಿ. ಒಂದು ದಿನ ಉಪವಾಸದಿಂದ ಮೀನು ಸಾಯುವುದಿಲ್ಲ.

6. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ತಾರೀಖು, ಬಿಸಿಲು, ಮೇವು, ನೀರಿನ ಬಣ್ಣ, ಸತ್ತ ಮೀನು. ಏನಾದರೂ ಆದಾಗ ತಜ್ಞರ ಮೊದಲ ಪ್ರಶ್ನೆಗಳಿಗೆ ಉತ್ತರ ಅಲ್ಲಿರುತ್ತದೆ. ನೆರೆಯವನ ಮೇಲೆ ಅನುಮಾನ ಪಡುವ ಮೊದಲು ಆ ಪುಸ್ತಕ ತೆರೆಯಿರಿ.

ಸತ್ತು ತೇಲಿದ ಮೀನಿನ ವಿಷಯವನ್ನೂ ಸೇರಿಸುತ್ತೇನೆ. ನೀರಿನಲ್ಲಿ ತಾನಾಗಿ ಸತ್ತು ಹೊಟ್ಟೆ ಮೇಲಾಗಿ ತೇಲುವ ಮೀನನ್ನು ತಿನ್ನಬಾರದು ಎಂಬುದು ಹನಫಿ ಮಸ್ಲಕ್. ಕರಾವಳಿಯ ಶಾಫಿಈ ಬಂಧುಗಳ ಅಭಿಪ್ರಾಯ ಬೇರೆ. ಮಸಲೆಯ ವಿವರವನ್ನು ಉಲಮಾಗಳಿಂದ ಕೇಳಿ, ಅದು ನನ್ನ ಕೆಲಸವಲ್ಲ. ಮೇಷ್ಟ್ರಾಗಿ ನಾನು ಹೇಳುವುದಿಷ್ಟೇ. ಯಾವಾಗ, ಯಾವುದರಿಂದ ಸತ್ತಿತೆಂದು ಗೊತ್ತಿಲ್ಲದ ಮೀನಿಗೆ ಐಸ್ ಹಾಕಿ, ತಾಜಾ ಎಂದು ಮಾರುವುದು ಯಾವ ಮಸ್ಲಕ್‌ನಲ್ಲೂ ಪ್ರಾಮಾಣಿಕ ವ್ಯಾಪಾರವಲ್ಲ. ಸತ್ತ ಮೀನನ್ನು ಹೊಂಡದಿಂದ ತೆಗೆದು, ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ. ನಮ್ಮ ಮಕ್ಕಳಿಗೆ ಡಾಕ್ಟರ್, ಇಂಜಿನಿಯರ್ ಬಿಟ್ಟು ಬೇರೆ ಹೆಸರು ಹೇಳಿದರೆ ತಂದೆತಾಯಿಗಳ ಮುಖ ಬಾಡುತ್ತದೆ. ಮಂಗಳೂರಿನಲ್ಲಿ 1969ರಲ್ಲಿ ಪ್ರಾರಂಭವಾದ ಮೀನುಗಾರಿಕಾ ಕಾಲೇಜು ದೇಶದಲ್ಲೇ ಮೊದಲನೆಯದು. ವಿಜ್ಞಾನದಲ್ಲಿ ಪಿ.ಯು.ಸಿ. ಮುಗಿಸಿ ಸಿ.ಇ.ಟಿ. ಬರೆದರೆ ಅಲ್ಲಿ ನಾಲ್ಕು ವರ್ಷದ ಬಿ.ಎಫ್.ಎಸ್ಸಿ. ಪದವಿ ಓದಬಹುದು. ಭಾರತೀಯ ಗೆಂಡೆಗಳಿಗೆ ಹಾರ್ಮೋನ್ ಚುಚ್ಚುಮದ್ದು ಕೊಟ್ಟು ಕೊಳದಲ್ಲಿ ಮರಿ ಮಾಡಿಸುವ ವಿದ್ಯೆಯನ್ನು ಡಾ. ಹೀರಾಲಾಲ್ ಚೌಧುರಿಯವರು 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಸಾಧಿಸಿದ್ದರಿಂದಲೇ ಇಂದು ಹಳ್ಳಿಹಳ್ಳಿಯ ಹೊಂಡಕ್ಕೆ ಮೀನುಮರಿ ಸಿಗುತ್ತಿದೆ. ಆ ದಿನವನ್ನು ದೇಶ ಮೀನು ಕೃಷಿಕರ ದಿನವಾಗಿ ಆಚರಿಸುತ್ತದೆ. ಮರಿ ಸಿಕ್ಕಿತು, 2020ರಲ್ಲಿ ಮತ್ಸ್ಯ ಸಂಪದ ಯೋಜನೆ ಬಂದು ಸಹಾಯಧನವೂ ಸಿಕ್ಕಿತು. ಹೊಂಡದ ನಾಡಿ ನೋಡಬಲ್ಲ ಹಕೀಮರು ಮಾತ್ರ ನಮ್ಮ ಎರಡೂ ತಾಲ್ಲೂಕಿನಲ್ಲಿ ಸಾಲದು. ಆ ಜಾಗ ನಿಮಗಾಗಿ ಖಾಲಿ ಇದೆ.

ಸಂಘದ ಮುಂದೆ ನನ್ನದೊಂದು ಸಣ್ಣ ಬೇಡಿಕೆ. ನೀರು ಪರೀಕ್ಷಿಸುವ ಎರಡು ಕಿಟ್ ಕೊಡಿಸಿ, ಒಂದು ನಂಜನಗೂಡಿಗೆ, ಒಂದು ತಿ. ನರಸೀಪುರಕ್ಕೆ. ಪ್ರೌಢಶಾಲೆಯ ಮಕ್ಕಳು ತಿಂಗಳಿಗೊಮ್ಮೆ ಸುತ್ತಲಿನ ಹೊಂಡಗಳಿಗೆ ಹೋಗಿ, ಯಾವ ಜಾತಿಯವರ ಹೊಂಡ ಎಂದು ಕೇಳದೆ, ನೀರು ನೋಡಿ ಬರೆದುಕೊಟ್ಟು ಬರಲಿ. ಮಕ್ಕಳಿಗೆ ವಿಜ್ಞಾನ ಬರುತ್ತದೆ, ಊರಿಗೆ ಉಪಕಾರವಾಗುತ್ತದೆ, ನೆರೆಯವರ ಜೊತೆ ಮಾತು ಬೆಳೆಯುತ್ತದೆ.

ಆ ಹುಡುಗಿ ಏನಾದಳು ಎಂದು ನೀವು ಕೇಳಬಹುದು. ಐದನೆಯ ದಿನ ಶಾಲೆಗೆ ಬಂದಳು. ಪಿ.ಯು.ಸಿ.ಗೆ ಒಂದು ವರ್ಷ ತಡವಾಗಿ ಸೇರಿದಳು. ತಂದೆ ಮತ್ತೆ ಮರಿ ಬಿಟ್ಟರು, ಈ ಸಲ ಕಡಿಮೆ. ಹೊಂಡದ ನೋಟ್‌ಬುಕ್ಕನ್ನು ಬರೆಯುತ್ತಿದ್ದವಳು ಮಗಳೇ. ಒಮ್ಮೆ ಮೋಡದ ದಿನಗಳಲ್ಲಿ ಮೀನು ಬಾಯಿ ಬಿಟ್ಟಾಗ ಪಂಪ್ ಕೆಟ್ಟಿತ್ತಂತೆ. ತನ್ನ ಪಂಪನ್ನು ಹೆಗಲ ಮೇಲೆ ಹೊತ್ತು ತಂದುಕೊಟ್ಟವನು ಯಾರು ಗೊತ್ತೇ? ವಿಷ ಹಾಕಿದನೆಂದು ಅಂದು ಇವರು ಅನುಮಾನಿಸಿದ್ದ ಪಕ್ಕದ ಜಮೀನಿನವನೇ.

ಅಲ್ಲಾಹನು ನಮ್ಮ ನೀರನ್ನೂ ನಮ್ಮ ನೆರೆಯನ್ನೂ ಕೆಡದಂತೆ ಕಾಪಾಡಿಕೊಳ್ಳುವ ಬುದ್ಧಿಯನ್ನು ನಮಗೆ ಕೊಡಲಿ, ಆಮೀನ್.